ಜೋಡಿ ಸಂಖ್ಯೆ ಹದಿನಾಲ್ಕು

೯ ಫೆಬ್ರವರಿ

ಪ್ರೀತಿಯ ಅಕ್ಕ,

ಪ್ರವಾಸ ಮುಗಿಸಿ ಬಂದು ಆರು ದಿನವಾಯಿತು. ಬಂದ ಕೂಡಲೇ ಬರೆಯಬೇಕೆಂದಿದ್ದೆ, ಲ್ಯಾಬಿನಲ್ಲಿ ಕೆಲಸ ಗುಡ್ಡೆ ಬಿದ್ದಿತ್ತು. ನಾನಿಲ್ಲದ ವಾರ ನೋಡಿಕೊಂಡು ಊರಿನವರೆಲ್ಲ ಹಲ್ಲು ಕೀಳಿಸಿಕೊಂಡರೋ ಏನೋ, ನನ್ನ ಮೇಜಿನ ಮೇಲೆ ಹನ್ನೊಂದು ದವಡೆಗಳ ಅಚ್ಚುಗಳು ಬಾಯಿ ತೆರೆದುಕೊಂಡು ಕಾಯುತ್ತಿದ್ದವು. ಅವಕ್ಕೆಲ್ಲ ಹಲ್ಲು ಕಟ್ಟಿ ಕಳಿಸುವಷ್ಟರಲ್ಲಿ ವಾರ ಕಳೆಯಿತು. ಫೋನಿನಲ್ಲಾದರೂ ಹೇಳೋಣವೆಂದರೆ ಆಸ್ಪತ್ರೆಯ ಲಾಂಡ್ರಿಯ ಮೆಷಿನ್‌ಗಳು ನಿಮ್ಮ ಕಿವಿಯನ್ನು ತಿಂದು ಮುಗಿಸಿವೆ. ಹಾಗಾಗಿ ಈ ಕಾಗದ.

ನಿಮ್ಮ ತಮ್ಮ ಹೇಳಿರಬೇಕು, ಹೆಚ್ಚು ಟೈಲ್ಸ್ ಮಾರಿದವರಿಗೆ ಕಂಪನಿ ವರ್ಷಕ್ಕೆ ಎರಡು ಮೂರು ಸಲ ಕೊಡುವ ಪ್ರವಾಸ ಇದು. ಒಬ್ಬೊಬ್ಬರೇ ಬರುವ ಹಾಗಿಲ್ಲವಂತೆ, ಜೋಡಿಯಾಗಿಯೇ ಬರಬೇಕಂತೆ. ಎಲ್ಲರಿಗೂ ಒಂದೇ ಥರದ ಹಳದಿ ಟೋಪಿ, ಟೋಪಿಯ ಮೇಲೆ ಒಂದು ನಂಬರು. ನಾವು ಜೋಡಿ ಸಂಖ್ಯೆ ಹದಿನಾಲ್ಕು. ಬಸ್ಸು ಹತ್ತಿದಾಗಲೆಲ್ಲ ಗೈಡ್ "ಹದಿನಾಲ್ಕು" ಎಂದು ಕೂಗುವುದು, ನಿಮ್ಮ ತಮ್ಮ ನನ್ನ ಕೈಯನ್ನೂ ಸೇರಿಸಿ ಎತ್ತಿ ಹಿಡಿಯುವುದು. ಜಲಪಾತ ನೋಡಿದೆವು, ಮುನ್ನೂರು ಮೆಟ್ಟಿಲಿನ ಕೋಟೆ ಹತ್ತಿದೆವು, ದೋಣಿಯಲ್ಲಿ ಹೋಗಿ ಒಂದು ದೀಪಸ್ತಂಭ ನೋಡಿದೆವು. ಬಸ್ಸಿನಲ್ಲಿ ಮೈಕು ಇವರ ಕೈಗೆ ಹೋದರೆ ವಾಪಸ್ಸು ಬರುತ್ತಿರಲಿಲ್ಲ. ಒಂದೊಂದು ಜೋಕಿಗೂ ಹಿಂದಿನ ಸೀಟಿನವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇಪ್ಪತ್ತನೇ ನಂಬರಿನ ಹೆಂಗಸು ನನ್ನ ಕೇಳಿದರು: "ನಿಮ್ಮನೇಲಿ ದಿನಾ ಹೀಗೇನಾ?" ನಾನು ನಕ್ಕೆ.

ಕೋಟೆಯ ಬಾಗಿಲಲ್ಲಿ ತೆಗೆದ ಫೋಟೋ ಇಟ್ಟಿದ್ದೇನೆ. ನಿಮ್ಮ ಮಂಡಿನೋವು ಹೇಗಿದೆ, ಬರೆಯಿರಿ.

ನಿಮ್ಮ
ಮುತ್ತು


೨೨ ಫೆಬ್ರವರಿ

ಮುತ್ತೂ,

ನಿನಗೆ ಈ ಹೆಸರಿಟ್ಟಿದ್ದು ನನ್ನ ಮುಂದಿನ ಎರಡು ಹಲ್ಲು ಕಟ್ಟಿಕೊಟ್ಟಿದ್ದಕ್ಕೆ, ಅವು ಇನ್ನೂ ಗಟ್ಟಿಯಾಗಿವೆ. ನಿನ್ನ ಫೋಟೋವನ್ನು ಲಾಂಡ್ರಿಯಲ್ಲಿ ಎಲ್ಲರಿಗೂ ತೋರಿಸಿದೆ. ಇಸ್ತ್ರಿ ವಿಭಾಗದವಳು, ನಿಮ್ಮ ತಮ್ಮನ ಹೆಂಡತಿ ಪುಣ್ಯವಂತೆ ಅಂದಳು. ಅವಳ ಗಂಡ ಅವಳನ್ನು ಬಸ್ ಸ್ಟ್ಯಾಂಡಿನವರೆಗೂ ಕರೆದುಕೊಂಡು ಹೋದವನಲ್ಲ. ಫೋಟೋವನ್ನು ಹಾಸಿಗೆ ಹೊದಿಕೆಗಳ ಲೆಕ್ಕದ ಬೋರ್ಡಿಗೆ ಪಿನ್ ಮಾಡಿದ್ದೇನೆ.

ನನ್ನ ತಮ್ಮ ಮೈಕು ಹಿಡಿದ ಅಂದರೆ ನಂಬುವುದೇ ಕಷ್ಟ. ಚಿಕ್ಕವನಿದ್ದಾಗ ನಾಲ್ಕು ಮಾತು ಆಡಿಸಬೇಕಾದರೆ ನನ್ನ ಪ್ರಾಣ ಹೋಗುತ್ತಿತ್ತು. ನಿನ್ನ ಕೈಗೆ ಬಿದ್ದ ಮೇಲೆ ಅರಳಿದ್ದಾನೆ ಅನ್ನು.

ಮಂಡಿ ಹಾಗೇ ಇದೆ. ಅದು ನನ್ನ ಜೊತೆಯೇ ರಿಟೈರ್ ಆಗುವುದಂತೆ.

ಅಕ್ಕ


೬ ಮೇ

ಅಕ್ಕ,

ಉತ್ತರ ಬರೆಯಲು ಇಷ್ಟು ದಿನ ತೆಗೆದುಕೊಂಡೆ. ಮೂರು ಸಲ ಬರೆದು ಹರಿದೆ.

ಒಂದು ವಿಷಯ ಕೇಳಬೇಕಿತ್ತು. ಪ್ರವಾಸದಿಂದ ಬಂದ ದಿನ ಸ್ಟೇಷನ್ನಿನಿಂದ ಟ್ಯಾಕ್ಸಿಯಲ್ಲಿ ಬರುವಾಗ ಇವರು ಡ್ರೈವರಿಗೆ ಮೇಲ್ಸೇತುವೆಯ ದಾರಿ ಹೇಳಿದರು. ಅಲ್ಲಿ ರಸ್ತೆ ಅಗೆದಿದ್ದಾರೆ, ಕೆಳಗಿನ ದಾರಿಯಲ್ಲೇ ಹೋಗಲಿ ಎಂದೆ. ಅಷ್ಟೇ. ಅಂದಿನಿಂದ ಮನೆಯಲ್ಲಿ ನನ್ನ ಜೊತೆ ಮಾತಿಲ್ಲ. ಇವತ್ತಿಗೆ ಮೂರು ತಿಂಗಳು ದಾಟಿತು. ಇದು ಮೊದಲ ಸಲವೂ ಅಲ್ಲ. ಹಿಂದೆ ಒಮ್ಮೆ ಪರದೆಯ ಬಣ್ಣಕ್ಕೆ ಐದು ವಾರ, ಒಮ್ಮೆ ಕಾರಣವೇ ಗೊತ್ತಾಗದೆ ಎರಡು ತಿಂಗಳು.

ಬೈಯುವುದಿಲ್ಲ, ಕೈ ಎತ್ತುವುದಿಲ್ಲ. ತಟ್ಟೆ ತಾವೇ ತೊಳೆದಿಡುತ್ತಾರೆ. ಅಡುಗೆಮನೆಯಲ್ಲಿ ಎದುರಾದರೆ ಕುರ್ಚಿಯನ್ನು ಬಳಸಿಕೊಂಡು ಹೋದ ಹಾಗೆ ನನ್ನನ್ನು ಬಳಸಿಕೊಂಡು ಹೋಗುತ್ತಾರೆ. ಏನಾದರೂ ಬೇಕಿದ್ದರೆ ಫ್ರಿಜ್ಜಿನ ಮೇಲೆ ಚೀಟಿ: "ಬಲ್ಬು ಹೋಗಿದೆ." ಆದರೆ ಬಾಗಿಲ ಬೆಲ್ಲು ಹೊಡೆದು ಯಾರಾದರೂ ಒಳಗೆ ಬಂದರೆ ಸಾಕು, "ಬನ್ನಿ ಬನ್ನಿ, ನಮ್ಮ ಮನೆಯವಳು ಈಗ ತಾನೇ ನಿಮ್ಮನ್ನ ನೆನೀತಿದ್ಲು" ಅನ್ನುತ್ತಾರೆ. ಅವರು ಹೋಗಿ ಬಾಗಿಲು ಹಾಕಿದ ಮೇಲೆ ಮತ್ತೆ ಅದೇ. ಯಾರಾದರೂ ಬರಲಿ ಎಂದು ಸಂಜೆ ಹೊತ್ತು ಬಾಗಿಲ ಕಡೆ ನೋಡುತ್ತ ಕೂರುತ್ತೇನೆ. ಲ್ಯಾಬಿನಲ್ಲಿ ಅಚ್ಚುಗಳ ಜೊತೆ ಮಾತಾಡುವುದು ಅಭ್ಯಾಸವಾಗಿಬಿಟ್ಟಿದೆ. ಅವಕ್ಕೆ ಬಾಯಾದರೂ ಇದೆ.

ಚಿಕ್ಕಂದಿನಲ್ಲೂ ಇವರು ಹೀಗೇ ಇದ್ದರೇ? ಆಗ ನೀವು ಏನು ಮಾಡುತ್ತಿದ್ದಿರಿ? ಅದನ್ನು ಹೇಳಿಕೊಡಿ.

ಮುತ್ತು


೧೯ ಮೇ

ಮುತ್ತು,

ಇದಕ್ಕೇ ಮೂರು ಕಾಗದ ಹರಿದೆಯಾ? ನಾನು ಬೆಳಗ್ಗೆ ಏಳರಿಂದ ಸಂಜೆ ಐದರವರೆಗೆ ಎಂಟು ಮೆಷಿನ್‌ಗಳ ನಡುವೆ ನಿಲ್ಲುವವಳು. ಮನೆಗೆ ಬಂದರೆ ಯಾರೂ ಮಾತಾಡದಿರಲಿ ಅನ್ನಿಸುತ್ತದೆ. ಇಲ್ಲಿನ ಹೆಂಗಸರು ಗಂಡಂದಿರ ವಿಷಯ ಹೇಳುವುದನ್ನು ನೀನು ಕೇಳಬೇಕು. ಒಬ್ಬಳು ಕಿವಿ ಹರಿಸಿಕೊಂಡು ಬಂದಿದ್ದಳು. ನಿನ್ನವನು ಮಾತಾಡುವುದಿಲ್ಲವಂತೆ, ಅಷ್ಟು ತಾನೇ.

ನಮ್ಮಪ್ಪನೂ ಹಾಗೇ ಇದ್ದರು. ಅಮ್ಮನ ಜೊತೆ ಮಾತು ಬಿಟ್ಟರೆ ನಾನೇ ಇಬ್ಬರ ನಡುವೆ ಸುದ್ದಿ ಮುಟ್ಟಿಸುತ್ತಿದ್ದೆ. ಸಂಸಾರ ನಿಂತು ಹೋಗಲಿಲ್ಲ. ನನ್ನ ತಮ್ಮ ಮುನಿಸಿಕೊಂಡರೆ ನಾನು ಅವನು ಕೇಳಿದ್ದು ಕೊಟ್ಟುಬಿಡುತ್ತಿದ್ದೆ, ಸರಿಹೋಗುತ್ತಿದ್ದ. ನೀನೇ ಒಂದು ಹೆಜ್ಜೆ ಸೋಲು. ಮೇಲ್ಸೇತುವೆಯ ದಾರಿಯೇ ಸರಿ ಅನ್ನು, ನಿನ್ನ ಗಂಟೇನೂ ಹೋಗುವುದಿಲ್ಲ.

ಅಕ್ಕ


೨೭ ಆಗಸ್ಟ್

ಅಕ್ಕ,

ನೀವು ಹೇಳಿದ ಹಾಗೇ ಮಾಡಿದೆ. ಮೇಲ್ಸೇತುವೆಯ ದಾರಿಯೇ ಸರಿ ಅಂದೆ, ಬಾಗಿಲಿಗೆ ಅಡ್ಡ ನಿಂತು ಅಂದೆ. ಅವರು ಚಪ್ಪಲಿ ಮೆಟ್ಟಿಕೊಂಡು ನಾನು ಸರಿಯುವವರೆಗೆ ಕಾದು, ಹೊರಗೆ ಹೋದರು.

ಆಮೇಲೆ ಈ ಪ್ರವಾಸ ಬಂತು. ಈ ಸಲ ಹೊರದೇಶ. ವಿಮಾನ ನಿಲ್ದಾಣದಲ್ಲಿ ಹಳದಿ ಟೋಪಿಗಳ ಗುಂಪು ಕಂಡದ್ದೇ ತಡ, ಆರು ತಿಂಗಳ ಮೇಲೆ ನನ್ನ ಕಡೆ ತಿರುಗಿ, "ನಿನ್ನ ಬ್ಯಾಗ್ ಕೊಡು, ಭುಜ ನೋಯುತ್ತೆ" ಅಂದರು. ಅಕ್ಕ, ನನಗೆ ನಾಚಿಕೆಯಾಗುತ್ತದೆ ಹೇಳಲು, ನನಗೆ ಖುಷಿಯಾಯಿತು. ಬ್ಯಾಗು ಕೊಟ್ಟೆ.

ಸರೋವರ, ಗಾಜಿನ ನೆಲದ ಗೋಪುರ, ಚಿಟ್ಟೆಗಳನ್ನು ಸಾಕಿದ ತೋಟ, ಎಲ್ಲ ನೋಡಿದೆವು. ನಾಲ್ಕನೇ ದಿನ ಬೆಟ್ಟದ ತುದಿಗೆ ಕೇಬಲ್ ಕಾರು. ಒಂದೊಂದು ಪೆಟ್ಟಿಗೆಗೆ ಒಂದೊಂದು ಜೋಡಿ. ಅರ್ಧ ದಾರಿಯಲ್ಲಿ ಅದು ನಿಂತುಹೋಯಿತು. ಕೆಳಗೆ ಕಣಿವೆ, ಸುತ್ತ ಗಾಜು, ಗಾಳಿಗೆ ಪೆಟ್ಟಿಗೆ ತೂಗುತ್ತಿತ್ತು. "ರೀ, ಏನಾಯ್ತು?" ಎಂದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. "ರೀ, ನನಗೆ ಭಯ ಆಗ್ತಿದೆ, ಏನಾದ್ರೂ ಮಾತಾಡಿ" ಎಂದೆ. ಮುಖ ತಿರುಗಿಸಲಿಲ್ಲ. ನಲವತ್ತು ನಿಮಿಷ ಅಕ್ಕ. ನಾನು ಅತ್ತೆ, ಅವರ ತೋಳು ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲೂ ಇಲ್ಲ. ಕಂಬ ಹಿಡಿದುಕೊಂಡ ಹಾಗಿತ್ತು.

ಮೇಲೆ ಹೋಗಿ ಬಾಗಿಲು ತೆರೆದಾಗ ಗುಂಪಿನವರೆಲ್ಲ ನಿಂತಿದ್ದರು. ಆ ಕ್ಷಣವೇ ಇವರ ಕೈ ನನ್ನ ಹೆಗಲ ಮೇಲೆ ಬಂತು. "ಪಾಪ, ಹೆದರಿಬಿಟ್ಟಿದ್ಲು. ಕಥೆ ಹೇಳಿ ಹೇಳಿ ನನ್ನ ಗಂಟಲು ಒಣಗಿಹೋಯ್ತು" ಎಂದರು. ಎಲ್ಲರೂ ನಕ್ಕರು. ಯಾರೋ ಫೋಟೋ ತೆಗೆದರು. ಅದರಲ್ಲಿ ನಾನೂ ನಗುತ್ತಿದ್ದೇನೆ.

ಈ ಸಲ ಫೋಟೋ ಕಳಿಸುತ್ತಿಲ್ಲ.

ಮುತ್ತು


೧೨ ಸೆಪ್ಟೆಂಬರ್

ಮುತ್ತು,

ಎತ್ತರ ಕಂಡರೆ ಅವನಿಗೂ ಭಯವಿದ್ದೀತು. ಗಂಡಸರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಲ್ಲಿ ಒಂದು ಮೆಷಿನ್ ಕೆಟ್ಟಿದೆ, ಕೈಯಲ್ಲೇ ಒಗೆಯುತ್ತಿದ್ದೇವೆ. ಹೆಚ್ಚು ಬರೆಯಲು ಪುರಸೊತ್ತಿಲ್ಲ.

ಅಕ್ಕ


೨ ನವೆಂಬರ್

ಅಕ್ಕ,

ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ತಿಳಿಸುತ್ತೇನೆ. ಹೋದ ತಿಂಗಳು ಮನೆ ಬಿಟ್ಟೆ. ಲ್ಯಾಬಿನ ಮೇಲಿನ ಕೋಣೆಯಲ್ಲಿದ್ದೇನೆ. ಒಂದು ಕಿಟಕಿ, ಒಂದು ಮಂಚ, ಕೆಳಗಿನಿಂದ ದಿನವಿಡೀ ಕಟ್ಟಿದ ಹಲ್ಲುಗಳನ್ನು ನಯ ಮಾಡುವ ಮೋಟರಿನ ಸದ್ದು. ವಿಚ್ಛೇದನದ ಅರ್ಜಿ ಬರೆಸಿ, ನನ್ನ ಸಹಿ ಹಾಕಿ, ಅವರಿಗೆ ಕಳಿಸಿದೆ. ಅವರದೂ ಸಹಿ ಬಿದ್ದರೆ ಬೇಗ ಮುಗಿಯುತ್ತದಂತೆ.

ಅವರು ಲ್ಯಾಬಿಗೇ ಬಂದರು. ಮಾಲೀಕರ ಕೋಣೆಯಲ್ಲಿ, ಅವರ ಎದುರಿಗೇ, ಬೆಣ್ಣೆಯ ಹಾಗೆ ಮಾತಾಡಿದರು. "ಜನವರಿ ಟೂರ್ ಒಂದು ಮುಗೀಲಿ. ಜೋಡಿ ಇಲ್ದೆ ಹೋದ್ರೆ ನನ್ನ ಮರ್ಯಾದೆ ಏನಾಗುತ್ತೆ? ಆಮೇಲೆ ನೀನು ಹೇಳಿದ ಹಾಗೇ" ಎಂದರು. ಮಾಲೀಕರು ನನ್ನ ಕಡೆ ನೋಡಿದರು, ಇಂಥ ಗಂಡನನ್ನೇ ಬಿಡುವುದಾ, ಅನ್ನುವ ಹಾಗೆ. ನಾನು ಒಪ್ಪಿಕೊಂಡೆ.

ಮುತ್ತು


೧೪ ನವೆಂಬರ್

ನಿನ್ನ ಕಾಗದ ಓದಿದೆ. ಮಾತಾಡುವುದಿಲ್ಲ ಅಂತ ಗಂಡನನ್ನು ಬಿಟ್ಟವರನ್ನು ನಾನು ಕಂಡಿಲ್ಲ. ಹೋದ ಭಾನುವಾರ ಅವನು ಇಲ್ಲಿಗೆ ಬಂದಿದ್ದ. ನನ್ನ ಅಕ್ಕಪಕ್ಕದ ಮನೆಯವರನ್ನೆಲ್ಲ ಕೂರಿಸಿಕೊಂಡು ಪ್ರವಾಸದ ಆಲ್ಬಂ ತೋರಿಸಿದ. ಎಲ್ಲರನ್ನೂ ಎಷ್ಟು ನಗಿಸಿದ ಗೊತ್ತೇ? ನಿನ್ನ ಬಗ್ಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ತಾಯಿ ಸತ್ತ ಮೇಲೆ ಎತ್ತಿ ಆಡಿಸಿದವಳು ನಾನು. ಅವನ ಗುಣ ನನಗೆ ಗೊತ್ತಿಲ್ಲವೇ? ಪ್ರತಿ ಫೋಟೋದಲ್ಲೂ ನೀನು ಹಲ್ಲು ಕಿರಿದುಕೊಂಡಿದ್ದೀಯ. ಅಷ್ಟು ಕಷ್ಟವಿದ್ದವಳು ಹಾಗೆ ನಗುತ್ತಾಳೆಯೇ?

ವಾಪಸ್ಸು ಹೋಗು. ಹೋಗುವವರೆಗೆ ನನಗೆ ಬರೆಯಬೇಡ.


೨೦ ಫೆಬ್ರವರಿ

ಅಕ್ಕ,

ಬರೆಯಬೇಡ ಅಂದಿದ್ದಿರಿ. ಬರೆಯಲು ನನಗೆ ಬೇರೆ ಯಾರೂ ಇಲ್ಲ.

ಜನವರಿಯ ಪ್ರವಾಸಕ್ಕೆ ಹೋಗಿ ಬಂದೆ. ಒಂದು ಮರಳುಗಾಡು, ಒಂದು ಬಂದರು. ಹೋಟೆಲಿನ ಕೋಣೆಯೊಳಗೆ ಎಂಟು ದಿನ ಒಂದು ಮಾತಿಲ್ಲ, ಬಾಗಿಲಾಚೆಗೆ ಬಂದರೆ ನಾನು ರಾಣಿ. ಕೊನೆಯ ದಿನ ಮೈಕಿನಲ್ಲಿ, "ಏಪ್ರಿಲ್‌ನಲ್ಲಿ ಹಿಮ ನೋಡೋಕೆ ಹೋಗ್ತಿದೀವಿ, ನನ್ನ ಹೆಂಡತಿ ಈಗಲೇ ಸ್ವೆಟರ್ ಆರಿಸ್ತಿದ್ದಾಳೆ" ಎಂದು ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಆ ಸುದ್ದಿ ತಿಳಿದದ್ದೇ ಆ ಮೈಕಿನಿಂದ. ಅರ್ಜಿ ಹಾಗೇ ವಾಪಸ್ಸು ಬಂತು, ಮೇಲೊಂದು ಚೀಟಿ: "ಏಪ್ರಿಲ್ ಆಗಲಿ. ಅಲ್ಲಿ ನನ್ನ ಬಡ್ತಿ ಘೋಷಿಸುತ್ತಾರೆ."

ವಕೀಲರ ಹತ್ತಿರ ಹೋದೆ. ಅವರೂ ಹೆಂಗಸೇ. ಹೊಡೆಯುತ್ತಾರೆಯೇ, ಕುಡಿಯುತ್ತಾರೆಯೇ, ಬೇರೆ ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಇಲ್ಲ ಎಂದೆ. ಮತ್ತೇನು ಎಂದರು. ಮಾತಾಡುವುದಿಲ್ಲ ಎಂದೆ. ಅವರು ಪೆನ್ನು ಕೆಳಗಿಟ್ಟರು. "ಅವರು ಸಹಿ ಹಾಕದೇ ಹೋದ್ರೆ ವರ್ಷಗಟ್ಟಲೆ ಎಳೀತದೆ ಅಮ್ಮಾ. ಒಂದು ಆಲ್ಬಂ ತಂದು ಮುಂದಿಟ್ರೆ ನೀವೇನು ಹೇಳ್ತೀರಿ?" ಎಂದು ಕೇಳಿದರು. ನೀವು ಕೇಳಿದ್ದೂ ಅದನ್ನೇ.

ನಾನು ಯಾಕೆ ನಗುತ್ತೇನೆ ಎಂದು ನನಗೇ ಗೊತ್ತಿಲ್ಲ ಅಕ್ಕ. ಫೋಟೋ ತೆಗೆಯುವಷ್ಟು ಹೊತ್ತು ಅವರು ನನ್ನ ಜೊತೆ ಮಾತಾಡುತ್ತಿರುತ್ತಾರೆ. ಅದಕ್ಕಿರಬೇಕು.

ಏಪ್ರಿಲ್‌ಗೂ ಹೋಗುತ್ತೇನೆ, ಇನ್ನೇನು ಮಾಡಲಿ. ಅದಾದ ಮೇಲೆ ಇನ್ನೊಂದು ಬರುತ್ತದೆ.

ಮುತ್ತು


೩ ಮಾರ್ಚ್

ಮುತ್ತು,

ನಿನ್ನ ಕಾಗದ ಎಂಟು ದಿನ ನನ್ನ ಚೀಲದಲ್ಲಿತ್ತು. ದಿನವೂ ಊಟದ ಹೊತ್ತಿಗೆ ಓದಿದೆ.

ಏಪ್ರಿಲ್‌ಗೆ ನೀನು ಹೋಗಬೇಡ. ನಾನು ಹೋಗುತ್ತೇನೆ. ಅವನಿಗೆ ಆಗಲೇ ತಿಳಿಸಿದ್ದೇನೆ, ಹೆಂಡತಿಗೆ ಮೈ ಸರಿಯಿಲ್ಲ, ಅಕ್ಕ ಬರುತ್ತಾಳೆ ಅಂತ ಕಂಪನಿಗೆ ಬರೆ ಎಂದೆ. ನಾನು ಊರು ಬಿಟ್ಟು ಹೊರಗೆ ಕಾಲಿಟ್ಟವಳಲ್ಲ, ಅಕ್ಕನಿಗೂ ಲೋಕ ತೋರಿಸು ಎಂದೆ. ನನಗೆ ಅವನು ಇಲ್ಲ ಅನ್ನಲಾರ. ಆ ಅರ್ಜಿ ನನಗೆ ಕಳಿಸು.

ನಿನ್ನ ಮಾತು ನಂಬಿದೆ ಎಂದು ತಿಳಿಯಬೇಡ. ನೋಡಿ ಬರುತ್ತೇನೆ.

ಅಕ್ಕ


೮ ಮೇ

ಮುತ್ತೂ,

ಈ ಕಾಗದ ಉದ್ದವಾಗುತ್ತದೆ. ಕೂತುಕೊಂಡು ಓದು.

ಹಿಮ ನೋಡಿದೆ. ನಮ್ಮ ಲಾಂಡ್ರಿಯಲ್ಲಿ ಹೊಸ ಹೊದಿಕೆಗಳ ಕಟ್ಟು ಬಿಚ್ಚಿ ಹರಡಿದ ಹಾಗಿತ್ತು, ಅದರ ಮೇಲೆ ಕಾಲಿಡಲು ಮನಸ್ಸು ಬರಲಿಲ್ಲ. ನನಗೂ ಹಳದಿ ಟೋಪಿ ಕೊಟ್ಟರು. ಏಳನೇ ನಂಬರಿನವನು ಭಾವಮೈದುನನನ್ನು ಕರೆತಂದಿದ್ದ, ಇಪ್ಪತ್ತೆರಡನೆಯವನು ಒಬ್ಬನೇ ಬಂದಿದ್ದ. ಯಾಕೆ ಏನು ಎಂದು ಒಬ್ಬರೂ ಕೇಳಲಿಲ್ಲ. ಬಡ್ತಿಯೂ ಸಿಕ್ಕಿತು. ನಿನ್ನನ್ನು ಅಷ್ಟು ದಿನ ಕಟ್ಟಿಹಾಕಿದ್ದ ಹಗ್ಗದ ಆ ತುದಿಯನ್ನು ಯಾರೂ ಹಿಡಿದೇ ಇರಲಿಲ್ಲ.

ನನ್ನನ್ನು ಅವನು ನೋಡಿಕೊಂಡ ರೀತಿ ಹೇಗೆ ಹೇಳಲಿ. ಮಂಡಿಗೆ ಪಟ್ಟಿ ಕಟ್ಟಿದ, ಕೈ ಹಿಡಿದು ಮೆಟ್ಟಿಲು ಇಳಿಸಿದ, "ನಮ್ಮಕ್ಕನೇ ನನಗೆ ತಾಯಿ" ಎಂದು ಎಲ್ಲರಿಗೂ ಪರಿಚಯಿಸಿದ. ನನ್ನ ಕಿವಿಗೆ ಕೇಳಲೆಂದು ಬಗ್ಗಿ ಜೋರಾಗಿ ಮಾತಾಡುತ್ತಿದ್ದ. ಕೋಣೆಯಲ್ಲೂ ಮಾತಾಡಿದ. ನೀನು ಸುಳ್ಳು ಬರೆದೆ ಎಂದು ಆ ಏಳು ದಿನವೂ ನಿನ್ನನ್ನು ಬೈದುಕೊಂಡೆ.

ವಾಪಸ್ಸು ಬಂದು ಅವನ ಮನೆಯಲ್ಲಿ ಹತ್ತು ದಿನ ಇರುತ್ತೇನೆ ಎಂದೆ. ಎರಡನೇ ದಿನ ಅವನು ಟೀವಿ ಹಾಕಿ ಫೋನು ನೋಡುತ್ತಿದ್ದ. ಯಾರೂ ನೋಡುತ್ತಿಲ್ಲವಲ್ಲ ಎಂದು ನಾನು ಟೀವಿ ಆರಿಸಿದೆ. ಮಾರನೆಯ ದಿನ ಬೆಳಗ್ಗೆ ಕಾಫಿ ಬೇಕೇನೋ ಎಂದು ಕೇಳಿದೆ. ಅವನು ಏನೋ ಹೇಳಿರಬೇಕು, ನನಗೆ ಕೇಳಲಿಲ್ಲ. ಮತ್ತೆ ಕೇಳಿದೆ. ಇಲ್ಲ. ಕಿವಿ ಪೂರ್ತಿ ಹೋಯಿತು ಅಂದುಕೊಂಡೆ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆ, ನೀರಿನ ಸದ್ದು ಕೇಳಿಸಿತು. ಬಕೆಟ್ಟು ಬಡಿದೆ, ಕೇಳಿಸಿತು. ಹೊರಗೆ ಬಂದು ಅವನ ಎದುರಿಗೆ ಕೂತು ಅವನ ತುಟಿಯನ್ನೇ ನೋಡುತ್ತ ಮೂರನೇ ಸಲ ಕೇಳಿದೆ. ತುಟಿ ಅಲುಗಲಿಲ್ಲ ಮುತ್ತು.

ಆಮೇಲೆ ಏಳು ದಿನ. ನಾಲ್ಕನೇ ದಿನಕ್ಕೆ ನಾನು ಲೋಟ ಸದ್ದಾಗದ ಹಾಗೆ ಇಡುತ್ತಿದ್ದೆ. ಐದನೇ ದಿನ ಟೀವಿಯನ್ನು ನಾನೇ ಹಾಕಿಟ್ಟೆ. ನನಗೆ ಐವತ್ತೆಂಟು ವರ್ಷ, ಅವನ ಮೂತಿ ಒರೆಸಿ ಬೆಳೆಸಿದವಳು, ನನ್ನ ತಪ್ಪೇನು ಎಂದು ಹುಡುಕುತ್ತ ಕೋಣೆಯಿಂದ ಕೋಣೆಗೆ ತಿರುಗುತ್ತಿದ್ದೆ.

ನಿನಗೆ ಅರ್ಧ ಹೇಳಿ ಅರ್ಧ ಬಿಟ್ಟಿದ್ದೆ. ನಮ್ಮಪ್ಪ ಅಮ್ಮನ ಜೊತೆ ಮಾತು ಬಿಟ್ಟದ್ದು ಒಂದೆರಡು ತಿಂಗಳಲ್ಲ, ನಾಲ್ಕು ವರ್ಷ. "ಉಪ್ಪು ಕಮ್ಮಿ ಅಂತ ನಿಮ್ಮಮ್ಮನಿಗೆ ಹೇಳು" ಅನ್ನುತ್ತಿದ್ದರು. ಅಮ್ಮ ಒಂದು ಮಾರು ದೂರದಲ್ಲಿ ಕೂತಿರುತ್ತಿದ್ದಳು. ನಾನು ಹೇಳುತ್ತಿದ್ದೆ. ಅಮ್ಮ ಹೋದ ದಿನ ಅಪ್ಪ ಅವಳ ಪಕ್ಕ ಕೂತು ಅವಳ ಜೊತೆ ಮಾತಾಡಿದರು, ಗಂಟೆಗಟ್ಟಲೆ. ಆಗ ನನ್ನ ತಮ್ಮನಿಗೆ ಐದು ವರ್ಷ, ನನ್ನ ಮಡಿಲಲ್ಲಿದ್ದ. ಆಮೇಲೆ ಅವನು ಮುನಿಸಿಕೊಂಡಾಗಲೆಲ್ಲ ನನಗೆ ಜೀವ ಹೋದ ಹಾಗಾಗುತ್ತಿತ್ತು. ಕೇಳಿದ್ದನ್ನೆಲ್ಲ ಕೊಟ್ಟು ಬಾಯಿ ಬಿಡಿಸುತ್ತಿದ್ದೆ. ನಾನೇ ಕಲಿಸಿದ್ದು. ಅದನ್ನು ನಿನಗೆ ಹೇಳದೆ ನಿನ್ನನ್ನೇ ಬೈದೆ.

ಹತ್ತನೇ ದಿನ ಬೆಳಗ್ಗೆ ಅರ್ಜಿಯನ್ನು ಅವನ ಮುಂದೆ ಇಟ್ಟು ಪೆನ್ನು ಕೊಟ್ಟೆ. "ನೀನು ಮಾತಾಡ್ಬೇಡ. ಸಹಿ ಹಾಕು, ಸಾಕು. ಹಾಕೋವರೆಗೂ ನಾನು ಇಲ್ಲಿಂದ ಏಳಲ್ಲ" ಎಂದೆ. ಅವನು ಆಫೀಸಿಗೆ ಹೋಗಲಿಲ್ಲ, ನಾನು ಎದ್ದು ಒಲೆ ಹಚ್ಚಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಹಿ ಹಾಕಿದ. ಹಾಕಿದ ಮೇಲೆ ಬಾಯಿ ಬಿಟ್ಟ. "ನಾನು ಅವಳಿಗೆ ಯಾವತ್ತಾದ್ರೂ ಬೈದಿದೀನಾ ಅಕ್ಕ?" ಎಂದ. "ಬೈದಿದ್ರೆ ಅವಳು ತಿರುಗಿ ಬೈತಿದ್ಲು ಕಣೋ. ಅವಳಿಗೆ ನೀನು ಅದನ್ನೂ ಉಳಿಸಲಿಲ್ಲ" ಎಂದೆ. ಅವನ ಕಣ್ಣು ತುಂಬಿಕೊಂಡಿತು. ಮುತ್ತು, ಅವನು ಅತ್ತರೆ ನನಗೆ ಇವತ್ತಿಗೂ ತಡೆಯಲಾಗುವುದಿಲ್ಲ. ಆದರೂ ಅರ್ಜಿ ಮಡಿಸಿ ಚೀಲಕ್ಕೆ ಹಾಕಿಕೊಂಡೆ.

ಜೊತೆಗೆ ಇಟ್ಟಿದ್ದೇನೆ, ನೋಡಿಕೋ. ನಾನು ಅವನನ್ನು ಬಿಡಲಾರೆ, ಹದಿನೈದು ದಿನಕ್ಕೊಮ್ಮೆ ಹೋಗಿ ಬರುತ್ತೇನೆ. ನೀನು ನನ್ನನ್ನು ಬಿಟ್ಟರೂ ನನಗೆ ಕೇಳಲು ಬಾಯಿಲ್ಲ.

ಅಕ್ಕ


೧೭ ಜುಲೈ

ಅಕ್ಕ,

ಮೊನ್ನೆ ಕೋರ್ಟಿನಲ್ಲಿ ಎಲ್ಲ ಮುಗಿಯಿತು, ಆರು ತಿಂಗಳು ಕಾಯುವ ನಿಯಮವನ್ನೂ ಮಾಫಿ ಮಾಡಿದರು. ಹತ್ತು ನಿಮಿಷದ ಕೆಲಸ. ಅವರು ಬಂದಿದ್ದರು, ಗುಮಾಸ್ತರ ಜೊತೆ ನಗುತ್ತ ಮಾತಾಡುತ್ತಿದ್ದರು. ನನ್ನ ಹತ್ತಿರವೂ "ಹುಷಾರು" ಎಂದರು. ಅಲ್ಲಿ ತುಂಬ ಜನರಿದ್ದರು.

ಬಿಡುಗಡೆಯಾದರೆ ಹಗುರಾಗುತ್ತದೆ ಅನ್ನುತ್ತಾರೆ. ನನಗೆ ಇನ್ನೂ ಹಾಗೇನೂ ಆಗಿಲ್ಲ. ಕೋಣೆಯಲ್ಲಿ ಒಬ್ಬಳೇ ಇದ್ದರೂ ಬಾಗಿಲನ್ನು ಮೆತ್ತಗೆ ಹಾಕುತ್ತೇನೆ. ಮಾಲೀಕರು ಅರ್ಧ ಗಂಟೆ ಸುಮ್ಮನಿದ್ದರೆ ನಾನೇನು ಕೆಡಿಸಿದೆ ಎಂದು ಯೋಚನೆ ಶುರುವಾಗುತ್ತದೆ.

ಇವತ್ತು ಬೆಳಗ್ಗೆ ಲ್ಯಾಬಿನ ಫೋನಿಗೆ ಒಂದು ಕರೆ ಬಂತು. ನಾನು ಆಗ ತಾನೇ ಅಚ್ಚಿಗೆ ಸುರಿಯಲು ಬಟ್ಟಲಿನಲ್ಲಿ ಪ್ಲಾಸ್ಟರ್ ಕಲಸಿದ್ದೆ. ಎತ್ತಿಕೊಂಡು ಹಲೋ ಎಂದೆ. ಆ ಕಡೆ ಮಾತಿಲ್ಲ. ಉಸಿರು ಮಾತ್ರ. ಯಾರದೆಂದು ಗೊತ್ತಾಯಿತು, ಏಳು ವರ್ಷ ಕೇಳಿದ ಉಸಿರು. ನಿನ್ನೆ ನಾನೇನು ಮಾಡಿದೆ, ಮೊನ್ನೆ ಏನಂದೆ ಎಂದು ಮನಸ್ಸು ತನ್ನಷ್ಟಕ್ಕೆ ಹುಡುಕತೊಡಗಿತು. ಏನಾದರೂ ಹೇಳಲಿ ಎಂದು ಕಾದೆ. ಬಟ್ಟಲಿನಲ್ಲಿ ಪ್ಲಾಸ್ಟರ್ ಬಿಗಿಯತೊಡಗಿತ್ತು. ಅದು ಮೂರು ನಾಲ್ಕು ನಿಮಿಷ ಕಾಯುತ್ತದೆ, ಅದರಾಚೆಗೆ ಯಾರಿಗೂ ಕಾಯುವುದಿಲ್ಲ.

"ನನಗೆ ಕೆಲಸ ಇದೆ, ಇಡ್ತೀನಿ" ಎಂದೆ. ಇಟ್ಟೆ. ಅಚ್ಚು ತುಂಬಿದೆ, ಒಂದು ಗಾಳಿಗುಳ್ಳೆಯೂ ಬರಲಿಲ್ಲ.

ಮುಂದಿನ ತಿಂಗಳು ನಿಮಗೆ ಎರಡು ದಿನ ರಜೆ ಸಿಗುತ್ತದೆಯೇ? ಮಂಚ ಒಂದೇ ಇದೆ, ನಾನು ಕೆಳಗೆ ಮಲಗುತ್ತೇನೆ. ಇಲ್ಲಿ ನೋಡಲು ಏನೂ ಇಲ್ಲ ಅಕ್ಕ. ಕೂತು ಮಾತಾಡೋಣ, ನಾನು ಜೋರಾಗಿ ಮಾತಾಡುತ್ತೇನೆ.

ನಿಮ್ಮ
ಮುತ್ತು